ಯಾವ ಚಿಕ್ಕಮ್ಮ?

"ಸ್ವಲ್ಪ ಎದ್ದೇಳ್ತೀರಾ? ಒಳಗಿನ ಎರಡು ಸೀಟು ನಮ್ಮದು."

ಅಷ್ಟು ಹೇಳಿ ಅವಳು ತಲೆ ಎತ್ತಿದಳು. ಎತ್ತಬಾರದಿತ್ತು!

ದಾರಿ ಪಕ್ಕದ ಸೀಟಿನಲ್ಲಿ ಕೂತಿದ್ದವನು ಗಡಬಡಿಸಿ ಎದ್ದ. ತಲೆಯ ಮೇಲಿನ ಲಗೇಜ್ ಗೂಡಿಗೆ ಹಣೆ ಬಡಿದುಕೊಂಡ. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಳ್ಳಬೇಕು ಅಂತಲೂ ತೋಚದೆ ಅವಳನ್ನೇ ನೋಡುತ್ತ ಬಗ್ಗಿ ನಿಂತ.

ಇವನು... ಇಲ್ಲಿ... ಇಷ್ಟು ದೊಡ್ಡ ವಿಮಾನದಲ್ಲಿ ನನ್ನ ಪಕ್ಕದಲ್ಲೇನಾ?

ಅವಳ ಕಂಕುಳಲ್ಲಿ ಎರಡು ತುಂಬಲು ಇನ್ನೂ ಸ್ವಲ್ಪ ಬಾಕಿ ಇರುವ ಗುಂಡ, ಹೆಗಲಲ್ಲಿ ಡೈಪರ್ ಚೀಲ, ಹಿಂದೆ ಅವಳ ಅಂಗಿ ಹಿಡಿದು ಜಗ್ಗುತ್ತಿದ್ದ ಐದು ವರ್ಷದ ಚಿನಕುರುಳಿ. ಆ ಹುಡುಗಿಯ ಹಿಂದೆ, ಬೇಗ ಕೂತರೆ ಸಾಕಪ್ಪಾ ಎಂದು ಉಸಿರುಬಿಡುತ್ತಿದ್ದ ಉದ್ದನೆಯ ಸಾಲು.

"ಚೆನ್ನಾಗಿದೀಯಾ?" ಎಂದ ಅವನು, ಮೆಲ್ಲಗೆ.

"ನಿಮ್ಮ ಪರಿಚಯ ಆಗ್ಲಿಲ್ಲ," ಎಂದಳು ಅವಳು. ಆ 'ನಿಮ್ಮ' ಅನ್ನುವುದನ್ನು ಒತ್ತಿ ಹೇಳಿದಳು. ಅವನ ಮುಖ ಸಪ್ಪಗಾಯಿತು. ಆಗಲಿ!

ಚಿನಕುರುಳಿ ಕಿಟಕಿಗೆ, ಗುಂಡನನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ನಡುವೆ, ಈ ಕಡೆ ಅವನು. ಎರಡು ತುಂಬದ ಮಗುವಿಗೆ ಬೇರೆ ಸೀಟಿಲ್ಲ, ತೊಡೆಯೇ ಸೀಟು. ಅವಳು ಗಗನಸಖಿಯನ್ನು ಕರೆದು ಜಾಗ ಬದಲಾಯಿಸಿಕೊಡಿ ಎಂದು ಬೇಡಿಕೊಂಡಳು.

"ಸಾರಿ ಮೇಡಂ, ಪೂರ್ತಿ ಭರ್ತಿ. ಒಂದು ಸೀಟೂ ಖಾಲಿ ಇಲ್ಲ."

ಅಲ್ಲಿಗೆ ಮುಗಿಯಿತು. ಅರ್ಧ ಭೂಮಿ ದಾಟುವವರೆಗೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕು, ಅದೂ ಜಗತ್ತಿನಲ್ಲಿ ಯಾರ ಮುಖ ನೋಡಬಾರದು ಅಂದುಕೊಂಡಿದ್ದಳೋ ಅವನ ಪಕ್ಕ.

ಅವನು ಲಿಫ್ಟ್ ಮೆಕ್ಯಾನಿಕ್. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಒಂದು ಸಂಜೆ ಅಂಗಡಿಯ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು ಅವಳು ಒಳಗೆ ಸಿಕ್ಕಿಬಿದ್ದಾಗ, ಬಾಗಿಲಿನ ಆಚೆಯಿಂದ ಒಂದು ದನಿ, "ಹೆದರ್ಕೋಬೇಡಿ, ನಾನು ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ," ಎನ್ನುತ್ತಲೇ ಇತ್ತು. ಬಾಗಿಲು ತೆರೆಯುವಷ್ಟರಲ್ಲಿ ಅವಳಿಗೆ ಅರ್ಧ ಪ್ರೀತಿ ಆಗಿಹೋಗಿತ್ತು. ಉಳಿದರ್ಧ ಆಗಲು ವಾರವೂ ಬೇಕಾಗಲಿಲ್ಲ.

ಮದುವೆಯ ಮಾತು ಮನೆಯಲ್ಲಿ ಎತ್ತಬೇಕು ಅನ್ನುವಷ್ಟರಲ್ಲಿ ಅಕ್ಕ ಹೋದಳು. ಗುಂಡನನ್ನು ಹೆತ್ತು, ಅವನ ಮುಖ ಸರಿಯಾಗಿ ನೋಡುವ ಮೊದಲೇ ಹೋದಳು. ಅವಳು ಭಾವನ ಮನೆಗೆ ಓಡಿದಳು. ಹಸುಗೂಸು, ಅಮ್ಮ ಎಲ್ಲಿ ಎಂದು ಕೇಳುವ ಇನ್ನೊಂದು ಮಗು, ಗೋಡೆ ನೋಡುತ್ತ ಕೂರುವ ಭಾವ, ಮಂಡಿ ನೋವಿನ ಅತ್ತೆ, ಅಂದರೆ ಭಾವನ ಅಮ್ಮ. ಆ ಗಲಾಟೆಯಲ್ಲಿ ಅವನಿಗೆ ಒಂದೇ ಮೆಸೇಜ್ ಕಳಿಸಿದ್ದಳು: 'ಅಕ್ಕ ಇಲ್ಲ. ಸ್ವಲ್ಪ ದಿನ ನನ್ನನ್ನ ಏನೂ ಕೇಳಬೇಡ.'

ಅವನು ಕೇಳಲಿಲ್ಲ. ಆಮೇಲೆ ಅವನು ಇರಲೂ ಇಲ್ಲ.

ನಂಬರ್ ಸತ್ತುಹೋಗಿತ್ತು. ಗುಂಡನನ್ನು ಎದೆಗೆ ಕಟ್ಟಿಕೊಂಡು ಅವನ ವರ್ಕ್‌ಶಾಪಿಗೆ ಹೋದರೆ, ಟ್ರಾನ್ಸ್‌ಫರ್ ತಗೊಂಡು ಹೋದ ಎಂದರು. ಎಲ್ಲಿಗೆ? ಗೊತ್ತಿಲ್ಲಮ್ಮ. ಅವಳು ಅಲ್ಲೇ ಗೇಟಿನ ಹತ್ತಿರ ನಿಂತು, ಅಳುತ್ತಿರುವುದು ಮಗುವೋ ತಾನೋ ತಿಳಿಯದ ಹಾಗೆ ಅತ್ತಿದ್ದಳು.

ಲಿಫ್ಟಿನಲ್ಲಿ ಸಿಕ್ಕಿಬಿದ್ದಾಗ ನಿಂತವನು, ಬದುಕಿನಲ್ಲಿ ಸಿಕ್ಕಿಬಿದ್ದಾಗ ಓಡಿದ. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ ಅಲ್ಲವೇ?

ಈಗ ಭಾವ ದೂರದೇಶದಲ್ಲಿ ಕೆಲಸ ಹಿಡಿದು, ಮನೆ ಮಾಡಿ, ಮಕ್ಕಳನ್ನು ಕರೆಸಿಕೊಳ್ಳುತ್ತಿದ್ದ. ಮಕ್ಕಳ ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಹೋದ ವಾರ ಫೋನಿನಲ್ಲಿ ತಡವರಿಸುತ್ತ ಕೇಳಿದ್ದ: "ಅಮ್ಮ ಹೇಳ್ತಾನೇ ಇದಾರೆ... ಮಕ್ಕಳಿಗೂ ನೀನೇ ಬೇಕು. ನಾವಿಬ್ರೂ ಮದ್ವೆ ಆಗೋದು... ಯೋಚನೆ ಮಾಡು. ಇಲ್ಲಿಗೆ ಬಂದ್ಮೇಲೆ ಹೇಳು."

ಅವಳು ಯೋಚಿಸಿದ್ದಳು. ಇಳಿದ ಕೂಡಲೇ 'ಹೂಂ' ಅನ್ನುವುದೆಂದು ಗಟ್ಟಿ ಮಾಡಿಕೊಂಡೇ ವಿಮಾನ ಹತ್ತಿದ್ದಳು. ಕಾಯಲು ಯಾರಿದ್ದಾರೆ ಇನ್ನು?

ವಿಮಾನ ಮೇಲೇರಿತು. ಗುಂಡನ ಕಿವಿ ಕಟ್ಟಿತು. ಅವನು ಕಿರುಚಿದ ಕಿರುಚಾಟಕ್ಕೆ ಮುಂದಿನ ಸೀಟಿನ ಬೋಳುತಲೆಯವರು ತಿರುಗಿ ತಿರುಗಿ ನೋಡಿದರು.

"ಮಗುನ ಸ್ವಲ್ಪ ಸುಮ್ನಿರಿಸಮ್ಮಾ!"

"ಬಟನ್ ಎಲ್ಲಿದೆ ಅಂತ ತೋರಿಸಿ, ಒತ್ತುತೀನಿ," ಎಂದಳು ಅವಳು. ಪಕ್ಕದಲ್ಲಿ ಅವನಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಹಾಲಿನ ಬಾಟಲಿ ಕೈಜಾರಿ ಉರುಳಿಕೊಂಡು ಎಲ್ಲೋ ಹೋಯಿತು. ಬೆಲ್ಟಿನ ದೀಪ ಆರಿದ್ದೇ ತಡ, ಅವನು ಒಂದು ಮಾತೂ ಆಡದೆ ನೆಲಕ್ಕೆ ಬಗ್ಗಿ, ನಾಲ್ಕು ಸಾಲು ಹಿಂದಿನವರ ಕಾಲುಗಳ ನಡುವಿನಿಂದ ಅದನ್ನು ಹುಡುಕಿ, ತೊಳೆಸಿಕೊಂಡು ತಂದುಕೊಟ್ಟ.

"ಥ್ಯಾಂಕ್ಸ್," ಎಂದಳು ಅವಳು, ಬಾಟಲಿಯನ್ನು ನೋಡುತ್ತ.

ಆಮೇಲೆ ಜ್ಯೂಸ್ ಬಂತು. ಚಿನಕುರುಳಿ ಅದನ್ನು ಕುಡಿದದ್ದಕ್ಕಿಂತ ಅವನ ಅಂಗಿಗೆ ಕುಡಿಸಿದ್ದೇ ಹೆಚ್ಚು. ಚೆಲ್ಲಿದ ತಪ್ಪಿಗೆ ಸ್ನೇಹವನ್ನೂ ಮಾಡಿಕೊಂಡಳು.

"ಅಂಕಲ್, ನಿಮ್ಗೆ ಮಕ್ಕಳಿಲ್ವಾ?"

"ಇಲ್ಲ ಪುಟ್ಟಿ."

"ಹೆಂಡ್ತಿ?"

"ಇಲ್ಲ."

"ಅಯ್ಯೋ ಪಾಪ! ಯಾಕೆ?"

ಅವಳ ಎದೆ ಧಸಕ್ಕೆಂದಿತು. ಮದುವೆ ಆಗಿಲ್ವಾ...? ಮರುಕ್ಷಣವೇ ಎದೆಯನ್ನು ಗದರಿಸಿದಳು. ಆದರೇನು, ಬಿಟ್ಟರೇನು? ನಿನಗ್ಯಾಕೆ ಅದು, ಮುಚ್ಚಿಕೊಂಡು ಬಡ್ಕೋ!

"ಚಿಕ್ಕಮ್ಮಾ, ಅರ್ಜೆಂಟ್!" ಎಂದಳು ಚಿನಕುರುಳಿ ಕಾಲು ಹೊಸೆಯುತ್ತ.

ಮಕ್ಕಳ ಅರ್ಜೆಂಟು ಯಾರ ಮಾನಾಭಿಮಾನವನ್ನು ಕೇಳುತ್ತದೆ? ತೂಕಡಿಸುತ್ತಿದ್ದ ಗುಂಡನನ್ನು ಎತ್ತಿ ಅವನ ಕೈಗೆ ತುರುಕಿದಳು. "ಒಂದ್ನಿಮಿಷ ಹಿಡ್ಕೊಳ್ಳಿ."

ಶೌಚಾಲಯದ ಸಾಲು ಮುಗಿಸಿ ವಾಪಸ್ ಬರುವಷ್ಟರಲ್ಲಿ ಗುಂಡ ಅವನ ಎದೆಯ ಮೇಲೆ ಬಾಯಿ ತೆರೆದು ಮಲಗಿಬಿಟ್ಟಿದ್ದ. ಎಬ್ಬಿಸಿದರೆ ಮತ್ತೆ ರಾಮಾಯಣ. ಅವಳು ತೆಪ್ಪಗೆ ಕೂತಳು. ಸ್ವಲ್ಪ ಹೊತ್ತಿಗೆ ಚಿನಕುರುಳಿಯೂ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹೊರಗೆ ಉರಿಬಿಸಿಲು. ಒಳಗೆ ಕಿಟಕಿಗಳನ್ನೆಲ್ಲ ಮುಚ್ಚಿ ಎಲ್ಲರೂ ಸುಳ್ಳು ಕತ್ತಲೆ ಮಾಡಿಕೊಂಡಿದ್ದರು.

ಅವನು ಗಂಟಲು ಸರಿಮಾಡಿಕೊಂಡ. "ಯಜಮಾನ್ರು... ಏರ್‌ಪೋರ್ಟಿಗೆ ಬರ್ತಾರಾ?"

"ಯಾರ ಯಜಮಾನ್ರು?"

"ನಿಮ್ಮ ಯಜಮಾನ್ರು. ಮಕ್ಕಳ ಅಪ್ಪ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯ ತುದಿವರೆಗೂ ಬಿಸಿಯೇರಿತು.

"ಅವರು ನನ್ನ ಭಾವ!"

"ಗೊತ್ತು. ಆಮೇಲೆ ಮದ್ವೆ ಆದ್ರಲ್ಲ..."

"ಯಾರು ಹೇಳಿದ್ದು ನಿಮಗೆ?"

"ಅವರ ಅಮ್ಮನೇ." ಅವನು ಮಗುವಿನ ತಲೆಯ ಮೇಲಿಂದ, ಉಸಿರಿನಷ್ಟೇ ಮೆಲ್ಲಗೆ ಹೇಳಿದ. "ನಿಮ್ಮ ಮೆಸೇಜ್ ಬಂದು ಸುಮಾರು ದಿನ ಆಗಿತ್ತು. ತಡ್ಕೊಳ್ಳೋಕಾಗ್ದೆ ಮನೆಗೇ ಬಂದೆ. ಅವರು ಬಾಗಿಲು ತೆಗೆದ್ರು. ನಿಮ್ಮನ್ನ ನೋಡ್ಬೇಕು ಅಂದೆ. 'ಅವಳು ಈ ಮಕ್ಕಳ ಚಿಕ್ಕಮ್ಮ ಕಣಪ್ಪಾ, ಇನ್ಮೇಲೆ ಇದೇ ಅವಳ ಮನೆ. ನೀನ್ಯಾರು?' ಅಂದ್ರು. ನಾನು ಯಾರು ಅಂತ ಹೇಳ್ಲಿ? ಹಾಗೇ ಮೆಟ್ಟಿಲಿಳಿದು ಹೋದೆ. ಈಗ ಹೋಗ್ತಿರೋ ದೇಶಕ್ಕೇ ಟ್ರಾನ್ಸ್‌ಫರ್ ತಗೊಂಡೆ."

ಚಿಕ್ಕಮ್ಮ!

ಅಮ್ಮನ ತಂಗಿಯೂ ಚಿಕ್ಕಮ್ಮ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮ. ಹಾಳಾದ್ದು, ಎರಡಕ್ಕೂ ಒಂದೇ ಮಾತು! ಅತ್ತೆ ಹೇಳಿದ್ದು ಒಂದು, ಇವನ ಕಿವಿಗೆ ಬಿದ್ದದ್ದು ಇನ್ನೊಂದು. ಅಷ್ಟಕ್ಕೇ ಎರಡು ವರ್ಷ ಮಣ್ಣುಪಾಲು.

ಕಥೆಗಳಲ್ಲಾದರೆ ಇಲ್ಲಿ ನಾಯಕಿ ಕಣ್ಣೀರು ಒರೆಸಿಕೊಂಡು ನಗುತ್ತಾಳೆ. ಇವಳಿಗೆ ನಗು ಬರಲಿಲ್ಲ. ಸಿಟ್ಟು ಬಂತು, ಎರಡು ವರ್ಷದ ಬಡ್ಡಿ ಸಮೇತ ಬಂತು!

"ಈ ಹುಡುಗಿ ಹುಟ್ಟಿದ ದಿನದಿಂದ ನಾನು ಚಿಕ್ಕಮ್ಮ ಕಣೋ!" ಕೂಗುವ ಹಾಗಿಲ್ಲ, ಮಕ್ಕಳು ಎದ್ದಾವು. ಹಲ್ಲು ಕಚ್ಚಿ ಪಿಸುಗುಟ್ಟಿದಳು. 'ನೀವು' ಎಲ್ಲಿ ಉದುರಿಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ಯಾವ ಚಿಕ್ಕಮ್ಮ ಅಂತ ಒಂದು ಮಾತು ಕೇಳಿದ್ರೆ ನಿನ್ನ ಬಾಯಿ ಸವೆದುಹೋಗ್ತಿತ್ತಾ?"

ಅವನ ಬಣ್ಣ ಇಳಿದುಹೋಯಿತು. "ಅಂದ್ರೆ... ನೀನು..."

"ಅಕ್ಕ ಸತ್ತು ಇನ್ನೂ ಕಣ್ಣೀರು ಆರಿರ್ಲಿಲ್ಲ. ಅಷ್ಟರಲ್ಲಿ ಅವಳ ಗಂಡನ್ನ ನಾನು ಮದ್ವೆ ಮಾಡ್ಕೊಂಡೆ ಅಂತ ನಂಬಿಬಿಟ್ಯಲ್ಲ! ನನ್ನನ್ನ ಅಷ್ಟೇನಾ ನೀನು ತಿಳ್ಕೊಂಡಿದ್ದು?"

"ನೀನೇ ಬರೆದಿದ್ದೆ, ಏನೂ ಕೇಳ್ಬೇಡ ಅಂತ..."

"ಏನೂ ಕೇಳ್ಬೇಡ ಅಂದ್ರೆ ನಾನೇ ಬೇಡ ಅಂತನಾ?"

ಅವನು ಎದ್ದು ಹೋಗೋಣವೆಂದರೆ ಎದೆಯ ಮೇಲೆ ಗುಂಡ. ಅವಳು ಮುಖ ತಿರುಗಿಸಿ ಕೂರೋಣವೆಂದರೆ ತೊಡೆಯ ಮೇಲೆ ಚಿನಕುರುಳಿ. ಇಬ್ಬರನ್ನೂ ಮಕ್ಕಳು ಅಲ್ಲಾಡದ ಹಾಗೆ ಕಟ್ಟಿಹಾಕಿದ್ದರು.

"ಹೆದರಿದ್ದೆ," ಎಂದ ಅವನು. "ಕೇಳಿದ್ರೆ ನೀನೇ ಹೌದು ಅಂದ್ಬಿಡ್ತೀಯೇನೋ ಅಂತ. ನಿನ್ನ ಬಾಯಿಂದ ಅದನ್ನ ಕೇಳೋ ಧೈರ್ಯ ಇರ್ಲಿಲ್ಲ. ಓಡಿಹೋಗೋದೇ ಸುಲಭ ಅನ್ನಿಸ್ತು. ಹೇಡಿ ಕೆಲಸ ಅದು. ನೆಪ ಹೇಳಲ್ಲ."

"ಈಗ ತಿಳ್ಕೊಂಡು ಏನು ಮಾಡ್ತೀಯ? ಆಗ ಸುಳ್ಳಾಗಿದ್ದದ್ದು ಈಗ ನಿಜ ಆಗೋದ್ರಲ್ಲಿದೆ. ಭಾವ ಕೇಳಿದಾರೆ. ಇಳಿದ ತಕ್ಷಣ ಹೂಂ ಅನ್ನೋಣ ಅಂತಲೇ ಹೊರಟಿದೀನಿ."

ಅವನು ಕಣ್ಣು ಮುಚ್ಚಿದ. ಬೇಡ ಅನ್ನುತ್ತಾನೆ, ಕಾಲಿಗೆ ಬೀಳುತ್ತಾನೆ, ಅತ್ತು ಕರೆದು ಮಾಡುತ್ತಾನೆ ಎಂದು ಅವಳು ಕಾದಳು. ಉಗಿಯಲು ಸಿದ್ಧವಾಗಿಯೇ ಕಾದಳು.

"ನಿನಗೇನು ಬೇಕು?" ಎಂದ ಅವನು.

ಭಾವನಿಗೆ ಏನು ಬೇಕು, ಅತ್ತೆಗೆ ಏನು ಬೇಕು, ಮಕ್ಕಳಿಗೆ ಏನು ಬೇಕು... ಎಲ್ಲವೂ ಅವಳಿಗೆ ಬಾಯಿಪಾಠ. ಈ ಪ್ರಶ್ನೆಯನ್ನು ಮಾತ್ರ ಅಕ್ಕ ಹೋದ ಮೇಲೆ ಯಾರೂ ಕೇಳಿರಲಿಲ್ಲ. ತಡೆದಿಟ್ಟಿದ್ದ ಅಳು ಒಮ್ಮೆಲೇ ಬಂತು.

"ನಿದ್ದೆ," ಎಂದಳು ಬಿಕ್ಕುತ್ತ. "ಸದ್ಯಕ್ಕೆ ನಿದ್ದೆ ಬೇಕು ಕಣೋ. ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು."

"ಮಲ್ಕೋ. ಇಬ್ರನ್ನೂ ನಾನು ನೋಡ್ಕೋತೀನಿ."

ನಂಬಬಾರದು ಎಂದುಕೊಳ್ಳುತ್ತಲೇ ಅವಳು ನಿದ್ದೆಗೆ ಜಾರಿದಳು.

ಎಚ್ಚರವಾದಾಗ ಕಿಟಕಿಗಳು ತೆರೆದಿದ್ದವು, ವಿಮಾನ ಇಳಿಯುತ್ತಿತ್ತು. ಗುಂಡ ಇನ್ನೂ ಅವನ ಎದೆಯ ಮೇಲೆಯೇ ಇದ್ದ. ಚಿನಕುರುಳಿ ಅವಳ ತೊಡೆಯ ಮೇಲಿಂದ ಬಾಗಿ ಅವನ ಪರದೆಯಲ್ಲಿ ಕಾರ್ಟೂನ್ ನೋಡುತ್ತಿದ್ದವಳು, "ಚಿಕ್ಕಮ್ಮಾ, ನೀನು ಗೊರಕೆ ಹೊಡೀತಿದ್ದೆ! ಅಂಕಲ್ ಎಬ್ಬಿಸ್ಬೇಡ ಅಂದ್ರು," ಎಂದಳು. ಅವನ ಅಂಗಿಯ ಮೇಲೆ ಜ್ಯೂಸ್, ಅದರ ಮೇಲೆ ಬಿಸ್ಕತ್ತು, ಅದರ ಮೇಲೆ ಗುಂಡನ ಜೊಲ್ಲು.

ಒಳ್ಳೆಯವನೇ... ಆದರೂ ಬಿಟ್ಟುಹೋದವನೇ. ಎರಡೂ ನಿಜವಾಗಿದ್ದರೆ ಏನು ಮಾಡಬೇಕು? ಅವಳಿಗೆ ತಿಳಿಯಲಿಲ್ಲ. ಆದರೆ ಒಂದು ತಿಳಿದಿತ್ತು. ನಿದ್ದೆ ಆದ ತಲೆಯಲ್ಲಿ 'ಹೂಂ' ಅನ್ನುವ ಮಾತು ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಸುಸ್ತಿನಲ್ಲಿ ಹುಟ್ಟಿದ ಮಾತಾಗಿತ್ತು.

"ನಿನ್ನನ್ನ ಕ್ಷಮಿಸಿಲ್ಲ ನಾನು," ಎಂದಳು.

"ಗೊತ್ತು."

"ಭಾವನಿಗೆ ಏನೇ ಹೇಳಿದ್ರೂ ನಿನಗೋಸ್ಕರ ಹೇಳಲ್ಲ."

"ಸರಿ."

ಹೊರಗೆ ಭಾವ ಕಾಯುತ್ತಿದ್ದ. ತೆಳ್ಳಗಾಗಿದ್ದ, ಕಿವಿಯ ಪಕ್ಕ ಕೂದಲು ನರೆತಿತ್ತು. ಚಿನಕುರುಳಿ, "ಅಪ್ಪಾ!" ಎಂದು ಓಡಿ ಹಾರಿದ ರಭಸಕ್ಕೆ ಮಗಳನ್ನು ಅಪ್ಪಿಕೊಂಡು ನೆಲಕ್ಕೇ ಕುಸಿದು ಅತ್ತುಬಿಟ್ಟ. ಭಾವ ಏಳುವವರೆಗೆ ಅವಳು ಕಾದಳು. ತಡ ಮಾಡಿದರೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಭಾವ, ನೀವು ಕೇಳಿದ್ದಕ್ಕೆ ಇಲ್ಲ ಅಂತೀನಿ. ಬೇಜಾರು ಮಾಡ್ಕೋಬೇಡಿ. ನಾನು ಈ ಮಕ್ಕಳ ಅಮ್ಮನ ತಂಗಿ. ಹಾಗೇ ಇರ್ತೀನಿ. ಇವು ಇಲ್ಲಿ ಒಗ್ಗಿಕೊಳ್ಳೋವರೆಗೂ ನಿಮ್ಮ ಜೊತೆ ಇದ್ದೇ ಹೋಗ್ತೀನಿ."

ಭಾವ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟ. "ನಿಜ ಹೇಳ್ಲಾ? ನಿನ್ನನ್ನ ನೋಡಿದ್ರೆ ನನಗೆ ಅವಳೇ ನೆನಪಾಗ್ತಾಳೆ. ಅಮ್ಮ ಪೀಡಿಸಿದ್ರು ಅಂತ ಕೇಳಿದೆ. ಕೇಳಿದ ದಿನದಿಂದ ನನಗೂ ನಿದ್ದೆ ಇಲ್ಲ." ಕಣ್ಣೊರೆಸಿಕೊಂಡು ಸುತ್ತ ನೋಡಿದ. "ಗುಂಡ ಎಲ್ಲಿ?"

ಸ್ವಲ್ಪ ದೂರದಲ್ಲಿ ಅವನು ನಿಂತಿದ್ದ. ಎದೆಯ ಮೇಲೆ ಗುಂಡ, ಕೈಯಲ್ಲಿ ಡೈಪರ್ ಚೀಲ. ಭಾವ ಹತ್ತಿರ ಹೋಗಿ ಮಲಗಿದ್ದ ಮಗನ ಕೆನ್ನೆಗೆ ಮುತ್ತಿಟ್ಟು, ತಲೆ ಸವರಿದ.

"ಇವ್ರು ಯಾರು?"

ಈ ಪ್ರಶ್ನೆಗೆ ಅವನು ಬಾಯಿ ತೆರೆದ. ಅವಳೇ ಮುಂದಾದಳು.

"ನನ್ನನ್ನ ಬಿಟ್ಟು ಓಡಿಹೋಗಿದ್ದೋರು. ನಾನು ಮದ್ವೆ ಆಗ್ಬೇಕು ಅಂತಿದ್ದೋರು."

ಭಾವ ಇಬ್ಬರನ್ನೂ ಒಂದೊಂದು ಸಲ ನೋಡಿದ. ನಗಬೇಕೋ ಬೇಡವೋ ತಿಳಿಯದೆ ಮಗಳ ಕೈ ಹಿಡಿದ. "ಮಗು ಎಬ್ಬಿಸ್ಬೇಡಿ. ನಾನು ಕಾರು ಇಲ್ಲಿಗೇ ತರ್ತೀನಿ." ಚಿನಕುರುಳಿ ಅಪ್ಪನಿಗೆ ಗೊರಕೆಯ ಸುದ್ದಿ ಹೇಳುತ್ತ ಕುಣಿದುಕೊಂಡು ಹೋದಳು.

ಇಬ್ಬರೇ ಉಳಿದರು. ಸುತ್ತ ಪೆಟ್ಟಿಗೆ ಎಳೆಯುವ ಜನ, ಯಾರನ್ನೋ ಕರೆಯುವ ಜನ.

"ಒಂದು ಕೇಳ್ಲಾ?" ಎಂದ ಅವನು.

"ಕೇಳು."

"ಮದ್ವೆ ಆಗ್ಬೇಕು ಅಂತಿದ್ದೋರು ಅಂದ್ಯಲ್ಲ... ಇನ್ನೂ ಅಂತೀಯಾ?"

ಅವಳು ಅವನ ಮೊಣಕೈ ನಡುಗುತ್ತಿದ್ದುದನ್ನು ನೋಡಿದಳು.

"ಕೈ ನೋಯ್ತಿದ್ಯಾ?"

"ಇಲ್ಲ."

"ಸುಳ್ಳು ಹೇಳ್ಬೇಡ."

"...ನೋಯ್ತಿದೆ. ತುಂಬಾ."

"ಹಾಗಿದ್ರೆ ಇನ್ನೂ ಸ್ವಲ್ಪ ಹೊತ್ತು ಹಿಡ್ಕೋ."

"ಎಷ್ಟು ಹೊತ್ತು?"

ಅವಳು ಅವನ ಮೊಣಕೈ ಕೆಳಗೆ ತನ್ನ ಕೈಯನ್ನೂ ಆಸರೆಯಾಗಿ ಇಟ್ಟಳು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಪೂರ್ತಿ ಹೋಗಿರಲಿಲ್ಲ.

"ನಾನು ಸಾಕು ಅನ್ನೋವರೆಗೂ!"