ಮುಂದೆ ಅಂದರೆ ಎಲ್ಲಿ?

“ಮುಂದೆ ಅಂದ್ರೆ ಮುಂದೆ. ಅದಕ್ಕೆ ಇನ್ನೇನು ಅರ್ಥ ಇರುತ್ತೆ?” ಎಂದರು ಸಲೂನ್ ಮಾಮ. ಪಕ್ಕದ ತಮ್ಮ ಅಂಗಡಿಯಲ್ಲಿ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ ಕೂರಿಸಿ, ಅವರು ವಾದ ಮಾಡಲು ಟೈಲರ್ ಅಂಗಡಿಗೆ ಬಂದಿದ್ದರು.

ವಾದವೆಲ್ಲ ಬುಗುರಿಯ ಬಗ್ಗೆ. ಬುಗುರಿ ಟೈಲರ್ ಮಗಳು, ಐದನೇ ಕ್ಲಾಸು. ಕಾಲಿಗೆ ಚೆಂಡು ಸಿಕ್ಕರೆ ಗಿರ್ರನೆ ತಿರುಗಿ ತಪ್ಪಿಸಿಕೊಳ್ಳುತ್ತಾಳೆ ಎಂದು ಆ ಹೆಸರು. ಸ್ಕೂಲಿನ ಫುಟ್‌ಬಾಲ್ ಟೀಮಿನಲ್ಲಿ ಅವಳದು ಮಿಡ್‌ಫೀಲ್ಡ್, ಅಂದರೆ ಮೈದಾನದ ನಡುವಿನ ಜಾಗ. ಟೀಮು ಫೈನಲ್ ತಲುಪಿದ ಮೇಲೆ ಬೀದಿಗೆ ಬೀದಿಯೇ ಅವಳ ಫ್ಯಾನ್ ಆಗಿತ್ತು.

ನಿನ್ನೆ ಕೋಚ್ ಸರ್ ಪ್ಯಾಂಟಿನ ಅಳತೆ ಕೊಡಲು ಬಂದಿದ್ದರು. ಹೋಗುವಾಗ ಅಪ್ಪನಿಗೆ, “ನಿಮ್ಮ ಹುಡುಗಿ ಮುಂದೆ ತುಂಬ ಚೆನ್ನಾಗಿ ಆಡ್ತಾಳೆ, ನೋಡ್ತಿರಿ” ಎಂದರು. ಅಷ್ಟೇ ಸಾಕಾಯಿತು.

“ಇವತ್ತು ಅವಳನ್ನ ಫಾರ್ವರ್ಡ್ ಆಡಿಸ್ತಾರೆ ಅಂತ ಅರ್ಥ,” ಎಂದರು ಮಾಮ. “ಗೋಲು ಹೊಡೆದವರ ಹೆಸರು ಮೈಕಲ್ಲಿ ಕೂಗ್ತಾರೆ. ನಡುವೆ ಓಡಾಡಿದವರನ್ನ ಯಾರು ಕೇಳ್ತಾರೆ?”

“ನಡು ಸರಿಯಾಗಿ ಕೂರದಿದ್ರೆ ಪ್ಯಾಂಟೇ ನಿಲ್ಲಲ್ಲ,” ಎಂದರು ಅಪ್ಪ, ಬಟ್ಟೆ ಕತ್ತರಿಸುತ್ತಲೇ.

ಗುಂಡಿ ಹೊಲಿಯುತ್ತಿದ್ದ ಅಜ್ಜಿ ತಲೆಯೆತ್ತಿದರು. “ಹಿಂದೆ ಇರ್ಲಿ ಬಿಡ್ರೋ. ಮೊಣಕಾಲಾದ್ರೂ ಉಳಿಯುತ್ತೆ.”

“ರೀ, ನೊರೆ ಒಣಗ್ತಾ ಇದೆ,” ಎಂದು ಪಕ್ಕದ ಅಂಗಡಿಯಿಂದ ಕೂಗು ಬಂತು. ಮಾಮ ಓಡಿದರು.

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಬುಗುರಿಗೆ ಮಾಮನ ಮಾತೇ ರುಚಿಸಿತು. ಮೈಕಲ್ಲಿ ತನ್ನ ಹೆಸರು ಒಮ್ಮೆ ಕೇಳಬೇಕೆಂದು ಅವಳಿಗೆ ತುಂಬ ಆಸೆ. ಗೋಲುಗಳನ್ನೆಲ್ಲ ಹೊಡೆಯುವುದು ‘ಏಣಿ’ ಎಂಬ ಉದ್ದನೆಯ ಹುಡುಗಿ. ಯಾವಾಗಲೂ ಅವಳ ಹೆಸರೇ.

ಸಂಜೆ ಫೈನಲ್ ಶುರುವಾಯಿತು. ಸೀಟಿ ಊದಿದ್ದೇ ತಡ, ಬುಗುರಿ ಓಡಿಹೋಗಿ ಏಣಿಯ ಪಕ್ಕ ನಿಂತಳು.

“ನೀನ್ಯಾಕೆ ಇಲ್ಲಿ?” ಎಂದಳು ಏಣಿ.

“ಸರ್ ಹೇಳಿದ್ದಾರೆ.”

ಇಬ್ಬರೂ ಚೆಂಡಿಗಾಗಿ ಕಾದರು. ಚೆಂಡು ಬರಲೇ ಇಲ್ಲ. ಮೈದಾನದ ನಡುವೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಎದುರು ಟೀಮಿನವರು ತಮ್ಮ ಮನೆಯಂಗಳದಲ್ಲಿ ಓಡಾಡಿದಂತೆ ಬಂದು ಗೋಲು ಹೊಡೆದು ಹೋದರು. ಗೆರೆಯಾಚೆ ನಿಂತ ಕೋಚ್ ಸರ್ ಜೋರಾಗಿ ಕೈ ಬೀಸುತ್ತಿದ್ದರು. ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಬುಗುರಿಯೂ ಕೈ ಬೀಸಿದಳು.

ಹಾಫ್‌ಟೈಮಿನಲ್ಲಿ ಸರ್ ಅವಳನ್ನು ಪಕ್ಕಕ್ಕೆ ಕರೆದರು. “ಜಾಗ ಬಿಟ್ಟು ಯಾಕೆ ಹೋದೆ?”

“ನೀವೇ ಅಪ್ಪನಿಗೆ ಹೇಳಿದ್ರಲ್ಲ ಸರ್, ಮುಂದೆ ಚೆನ್ನಾಗಿ ಆಡ್ತಾಳೆ ಅಂತ.”

ಸರ್ ಹಣೆ ಚಚ್ಚಿಕೊಂಡರು. “ಮುಂದೆ ಅಂದ್ರೆ, ದೊಡ್ಡವಳಾದ ಮೇಲೆ ಅಂತಮ್ಮ.”

ಬುಗುರಿಯ ಮುಖ ಸಣ್ಣದಾಯಿತು. “ಹಾಗಾದ್ರೆ ಈಗ ಚೆನ್ನಾಗಿ ಆಡಲ್ವಾ ನಾನು?”

“ನೀನಿಲ್ಲದೆ ಆ ಜಾಗ ಏನಾಯ್ತು ಅಂತ ನೋಡಿದ್ಯಲ್ಲ,” ಎಂದರು ಸರ್. “ಹೋಗು, ಅಲ್ಲಿ ನಿಂತ್ಕೋ.”

ಬುಗುರಿ ಕಣ್ಣೊರೆಸಿಕೊಳ್ಳುತ್ತ ಓಡಿದಳು. ಕಪ್ ಕೈತಪ್ಪಿದರೆ ಅದು ತನ್ನಿಂದಲೇ. ಆದರೆ ನಡುವೆ ನಿಂತು ಮೊದಲ ಚೆಂಡು ಕಾಲಿಗೆ ಬಂದಾಗ ಅಳು ಎಲ್ಲಿಗೋ ಹೋಯಿತು. ಅವಳು ಗಿರ್ರನೆ ತಿರುಗಿದಳು, ಪಾಸ್ ಕೊಟ್ಟಳು. ಎದುರಿನವರ ಕಾಲಿನಿಂದ ಕಿತ್ತುಕೊಂಡಳು, ಮತ್ತೆ ಕೊಟ್ಟಳು. ಏಣಿ ಒಂದು ಗೋಲು ಹೊಡೆದಳು. ಲೆಕ್ಕ ಸಮವಾಯಿತು.

ಆಟ ಮುಗಿಯುತ್ತ ಬಂದಿತ್ತು. ಬುಗುರಿ ಇಬ್ಬರನ್ನು ತಪ್ಪಿಸಿ ಗೋಲಿನ ಹತ್ತಿರ ನುಗ್ಗಿದಳು. “ಹೊಡಿ, ನೀನೇ ಹೊಡಿ,” ಎಂದು ಗೆರೆಯಾಚೆಯಿಂದ ಮಾಮ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಗೋಲ್‌ಕೀಪರ್ ಅವಳ ಮೇಲೇ ಬರುತ್ತಿದ್ದಳು. ಹೊಡೆದರೆ ಹೋಗಬಹುದು, ಹೋಗದೆಯೂ ಇರಬಹುದು. ಎಡಗಡೆ ಏಣಿ ಒಬ್ಬಳೇ ಇದ್ದಳು. ಅವಳನ್ನು ಬೇರೆ ಯಾರೂ ಗಮನಿಸಿರಲಿಲ್ಲ.

ಬುಗುರಿ ಚೆಂಡನ್ನು ಎಡಕ್ಕೆ ತಳ್ಳಿದಳು. ಏಣಿ ಒದ್ದಳು. ಬಲೆ ನಡುಗಿತು.

ಗೆದ್ದರು! ಮೈಕಲ್ಲಿ ಏಣಿಯ ಹೆಸರು ಮೊಳಗಿತು. ಏಣಿಯಾದರೋ ನೇರ ಓಡಿಬಂದು ಬುಗುರಿಯನ್ನು ಎತ್ತಿ ತಿರುಗಿಸಿಬಿಟ್ಟಳು. ಗೆರೆಯಾಚೆ ಮಾಮ ಕುಣಿಯುತ್ತಲೇ ವಾದ ಶುರು ಮಾಡಿದ್ದರು. “ಅವಳೇ ಹೊಡೀಬಹುದಿತ್ತು.” “ಹೊಡೆಸಿದ್ದು ಯಾರು ಮತ್ತೆ?” ಎನ್ನುತ್ತಿದ್ದರು ಅಪ್ಪ. ಅಜ್ಜಿ ಮೊಮ್ಮಗಳ ಮೊಣಕಾಲು ನೋಡಲು ಜನರನ್ನು ತಳ್ಳಿಕೊಂಡು ಬರುತ್ತಿದ್ದರು.

ಅಷ್ಟರಲ್ಲಿ ಸೋತ ಟೀಮಿನ ಕ್ಯಾಪ್ಟನ್ ಕೈಕುಲುಕಲು ಬಂದಳು. ಅವಳು ಏಣಿಯನ್ನು ದಾಟಿ ಬುಗುರಿಯ ಎದುರು ನಿಂತಳು.

“ಮುಂದಿನ ವರ್ಷವೂ ನೀನು ನಡುವೆನೇ ಆಡ್ತೀಯಾ?”

ಬುಗುರಿ ಒಂದು ಗಳಿಗೆ ಯೋಚಿಸಿದಳು. “ಹೂಂ, ನಡುವೆನೇ.”

“ಅಯ್ಯೋ,” ಎಂದಳು ಕ್ಯಾಪ್ಟನ್.

ಆ ‘ಅಯ್ಯೋ’ ಮನೆ ತಲುಪುವವರೆಗೂ ಬುಗುರಿಯ ಕಿವಿಯಲ್ಲಿ ಸಿಹಿಯಾಗಿ ಉಳಿದಿತ್ತು.