ಸಾಲಹಳ್ಳಿ ಹಾಸಗಲ್ಲಿನ ಆಳ

ಕಲ್ಲಿನ ಪದರ ನೋಡಿ, ಹಿಂದ ಅಲ್ಲಿ ಎಂಥಾ ನೀರಿತ್ತು ಅಂತ ಹೇಳೂದು ನನ್ನ ಕೆಲಸ. ಹೋದ ಬ್ಯಾಸಗಿ, ಮಟಮಟ ಮಧ್ಯಾಹ್ನ, ಸಾಲಹಳ್ಳಿ ಹತ್ರ ಒಂದು ಕಲ್ಲಿನ ಖಣಿಗೆ ಹೋಗಿದ್ದೆ. ಡ್ರೈವರ್ ಶ್ರೀಶೈಲ ಜೀಪಿನ ಹತ್ರ ನಿಂತಿದ್ದ.

ಅಲ್ಲಿ ರಾಶಿ ಮಾಡೂ ಕಣದಷ್ಟು ಅಗಲದ ಹಾಸಗಲ್ಲು ಅದ, ಮೈತುಂಬ ನೀರಿನ ತೆರಿಯ ಗುರುತು. ಕಲ್ಲು ಒಡಿಯೂ ಲಗಮವ್ವ ಅದನ್ನ ದಾಟೂ ಮುಂದ ಸೀರಿ ಮೊಣಕಾಲ ಮಟ ಎತ್ತಿ ಹಿಡದಳು. ಕಲ್ಲು ಒಣಗಿ ಕಾದಿತ್ತು.

"ನೀ ಸೀರಿ ಎತ್ತಿದ್ದು ಬರೋಬ್ಬರಿ ಅದ ಯವ್ವಾ," ಅಂದೆ. "ಕೋಟಿ ಕೋಟಿ ವರ್ಷದ ಹಿಂದ ಇಲ್ಲಿ ಮೊಣಕಾಲ ಮಟ ಸಮುದ್ರ ಇತ್ತು. ಈ ಸಣ್ಣ ತೆರಿ ಅದನ್ನ ಹೇಳತಾವ."

"ಈ ಕಡಿ ಅಷ್ಟರಿ ಸಾಹೇಬ್ರ. ಬೇವಿನ ಗಿಡದ ಕಡಿ ಹೋಗಬ್ಯಾಡ್ರಿ, ಅಲ್ಲಿ ಆಳ ಐತಿ."

ನಕ್ಕೊಂತ ಹೋದೆ. ಇಪ್ಪತ್ತು ಹೆಜ್ಜಿಗೆ ತೆರಿಯ ಗುರುತು ಮುಗದು, ನುಣುಪಾದ ಕೆಸರಗಲ್ಲು ಸುರು ಆತು. ಅಂಥಾ ಕೆಸರು ಆಳದ ನೀರಿನ ತಳಕ್ಕ ಕೂಡತದ. ಓದು ಬರಹ ಬಾರದಾಕಿಗೆ ಇದು ಹೆಂಗ ಗೊತ್ತು ಅನ್ನೂದ್ರಾಗ ತಂಪು ಸೊಂಟದ ಮಟ ಏರಿತು. ಸುತ್ತಿಗಿ ಹೊಡದ್ರ ಸಪ್ಪಳ ಮೆತ್ತಗ, ಎಲ್ಲೋ ದೂರದಿಂದ ಬಂತು. ಗಾಳಿ ಇರಲಿಲ್ಲ, ಆದ್ರೂ ನನ್ನ ಕೂದಲ ತೂಗಾಡಿದವು. ಹಿತ ಅನಸ್ತು, ಅಲ್ಲೇ ಮಲಗೂಣು ಅನಸ್ತು.

ಲಗಮವ್ವ ತೆರಿಯ ದಂಡಿಗೆ ನಿಂತು ನನ್ನ ಕಡಿ ಹಗ್ಗ ಒಗದಳು. ಯಾಕೋ ಅದನ್ನ ಹಿಡಕೊಂಡೇ ಬಂದೆ.

ಶ್ರೀಶೈಲ ಬೆವತಿದ್ದ. "ಅಲ್ಲಿ ತೆಗ್ಗು ಐತೇನ್ರಿ ಸರ? ನಿಮ್ಮ ತಲಿ ಅಷ್ಟ ಕಾಣತಿತ್ತು."

ಮರುದಿನ ಲಗಮವ್ವನ ಕೈಯಾಗ ಹಗ್ಗ ಕೊಟ್ಟು, ಇನ್ನೊಂದು ತುದಿ ನಡಕ್ಕ ಕಟಗೊಂಡು, ಹಾಸಗಲ್ಲಿನ ಉದ್ದಕ್ಕೂ ರಸಮಟ್ಟ ಇಟ್ಟು ನೋಡಿದೆ. ಎಲ್ಲೂ ಒಂದು ಬೆರಳಿನಷ್ಟು ತೆಗ್ಗಿಲ್ಲ.