ಟಕ್ ಟಕ್

"ಕೈ ಮ್ಯಾಲಿಂದ ತರಬ್ಯಾಡ! ಹದ್ದು ಬಂತು ಅಂತ ತಿಳಿತೈತಿ ಅದು," ಎಂದಳು ಅಜ್ಜಿ ಪಾರ್ವತವ್ವ.

ದಾಕ್ಷಾಯಿಣಿ ಗಕ್ಕನೆ ಕೈ ಹಿಂದೆಗೆದಳು. ಶೂ ಡಬ್ಬಿಯ ಮೂಲೆಯಲ್ಲಿ ಕೇರೆ ಹಾವಿನ ಮರಿ ಮುದುಡಿ ಕೂತಿತ್ತು. ಬಾಲದ ತುದಿ ನಡುಗುತ್ತಿತ್ತು.

ಗೋವಿನಜೋಳದ ರಾಶಿ ಎತ್ತುವಾಗ ಗಾಯಗೊಂಡು ಸಿಕ್ಕ ಮರಿ ಅದು. ಕೇರೆಗೆ ವಿಷ ಇಲ್ಲವೆಂದು ಅಜ್ಜಿ ಇಟ್ಟುಕೊಳ್ಳಲು ಬಿಟ್ಟಿದ್ದಳು. ಗಾಯ ಮಾಯಿತು. ದಾಕ್ಷಿಗೆ ಮಾತ್ರ ಬಿಡಲು ಮನಸ್ಸಾಗಲಿಲ್ಲ.

"ಇನ್ನೂ ಹೆದರ್ತೈತಲ್ಲಜ್ಜಿ?"

"ಅದರ ಕಣ್ಣಿಗೆ ನೀ ರಾಕ್ಷಸಿ ಇದ್ದಂಗ! ಬಾಗ್ಲಾ ಬಡೀದ ಯಾರರ ಮನಿ ಹೊಕ್ಕಾರೇನ? ಮೊದ್ಲ ಬಂದೇನಿ ಅಂತ ಹೇಳು."

ಅಂದಿನಿಂದ ದಾಕ್ಷಿ ಶಾಲೆಯಿಂದ ಬಂದವಳೇ ಡಬ್ಬಿಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದಳು. ಟಕ್ ಟಕ್. ಆಮೇಲೆ ಪಕ್ಕದಿಂದ ಮೆಲ್ಲಗೆ ಅಂಗೈ ಜಾರಿಸುತ್ತಿದ್ದಳು. ಮೊದಮೊದಲು ಮರಿ ಕಚ್ಚಿತು. "ಇಂಜೆಕ್ಷನ್ನೇ ಇದಕ್ಕಿಂತ ಜೋರು," ಎಂದು ಅವಳು ಹಲ್ಲು ಕಚ್ಚಿ ನಕ್ಕಳು.

ಬರಬರುತ್ತಾ ಬಾಲದ ನಡುಕ ನಿಂತಿತು. ಒಂದು ಸಂಜೆ ಟಕ್ ಟಕ್ ಎಂದೊಡನೆ ಮರಿ ತಾನೇ ಹರಿದು ಬಂದು, ತಣ್ಣನೆಯ ಬಳೆಯ ಹಾಗೆ ಅವಳ ಮಣಿಕಟ್ಟಿಗೆ ಸುತ್ತಿಕೊಂಡಿತು.

"ಅಜ್ಜಿ! ಈಗ ಹೆದರೂದ ಇಲ್ಲ ಇದು!"

"ಯಾರಿಗೂ?"

"ಯಾರಿಗೂ!"

ಮರುದಿನ ಅವಳು ಡಬ್ಬಿಯ ಮುಚ್ಚಳದ ಮೇಲೆ ಎಂದಿನ ಕಲ್ಲು ಇಡಲಿಲ್ಲ. ಇಷ್ಟು ಒಗ್ಗಿಕೊಂಡದ್ದು ಎಲ್ಲಿಗೆ ಹೋದೀತು?

ಶಾಲೆಯಿಂದ ಬಂದಾಗ ಪಕ್ಕದ ಮನೆಯ ಬಸಪ್ಪ ಕಾಕಾ ಅಂಗಳದಲ್ಲಿ ಕೋಲು ಹಿಡಿದು ನಿಂತಿದ್ದ. ಜೋಳ ಹರವಿದ್ದ ತಾಡಪತ್ರಿಯ ಅಂಚಿನಲ್ಲಿ ಮರಿ ಬಿದ್ದಿತ್ತು. ಅಲ್ಲಾಡುತ್ತಿರಲಿಲ್ಲ.

"ನಾಗರ ಮರಿ ಯವ್ವಾ. ನಮ್ಮ ಕೂಸು ಇಲ್ಲೇ ಆಡಾಕತ್ತಿತ್ತು."

"ಕಾಕಾ... ಅದು ಕೇರೆ."

"ಕೇರೆ ಆಗಿದ್ರ ಓಡ್ತಿತ್ತಲ್ಲ? ಅದಕ್ಕಂತ ಕೋಲು ಕುಟ್ಟಿ ನೋಡ್ದೆ. ಟಕ್ ಟಕ್ ಅಂದ್ರ ಸಾಕು, ಕೇರೆ ದಿಕ್ಕೆಟ್ಟು ಓಡ್ತಾವು. ಇದು..." ಅವನ ದನಿ ಇಳಿಯಿತು. "ಇದು ನನ್ನ ಕಡೇನ ಬಂತು."

ದಾಕ್ಷಿಯ ಬೆರಳುಗಳು ತಾವಾಗಿ ಮಡಚಿಕೊಂಡವು.

 

ಕೆಲವು ದಿನ ಕಳೆದು, ಹಿತ್ತಲ ಬೇಲಿಯ ಬುಡದಲ್ಲಿ ಇನ್ನೊಂದು ಮರಿ ಕಂಡಿತು. ಅದೇ ಕಂದು ಬಣ್ಣ, ಅದೇ ದುಂಡು ಕಣ್ಣು. ಅವಳನ್ನು ಕಂಡು ಅದರ ಬಾಲ ನಡುಗಿತು.

ದಾಕ್ಷಿಯ ಅಂಗೈ ಅರಳಿತು. ಮುಟ್ಟುವಷ್ಟು ಹತ್ತಿರವಿತ್ತು ಅದು.

ಅವಳು ಅಂಗೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡಳು. ಕಾಲೆತ್ತಿ, ಇದ್ದ ಬಲವೆಲ್ಲ ಹಾಕಿ ನೆಲಕ್ಕೆ ಕುಟ್ಟಿದಳು.

ಮರಿ ಸರ್ರನೆ ಓಡಿ ಹುಲ್ಲಿನೊಳಗೆ ಸೇರಿತು.

ಹುಲ್ಲು ಅಲ್ಲಾಡುವುದು ನಿಂತಿತು. ಅವಳು ಇನ್ನೊಮ್ಮೆ ಕುಟ್ಟಿದಳು.